ಮಂದೆ ಮಲಗಿದ ಬನ

ಗೊಲ್ಲರಹಟ್ಟಿ, ಜವನಗೊಂಡನಹಳ್ಳಿ
೯ ಜನವರಿ ೧೯೭೭

ಕಾಟಮ್ಮಾ,

ನೀನು ಹೊಲದ ಸುತ್ತ ಬಳ್ಳಾರಿ ಜಾಲಿ ಬಿತ್ತಿದ್ದು ತಪ್ಪು. ಕ್ಷೇಮ ಸಮಾಚಾರ ಆಮೇಲೆ. ಮೊದಲು ಈ ಮಾತು.

ನಿಮ್ಮಮ್ಮ ಶ್ರೀರಾಂಪುರಕ್ಕೆ ಹೋಗಿ ನಿನ್ನನ್ನು ನೋಡಿಕೊಂಡು ಬಂದವಳೇ ನಮ್ಮ ಮನೆ ಮುಂದೆ ಕೂತು ಹಟ್ಟಿಗೆಲ್ಲ ಕೇಳುವ ಹಾಗೆ ಹೇಳಿದಳು: "ನಮ್ ಕಾಟಿ ಎಂಥಾ ಬೇಲಿ ಎಬ್ಬಿಸವ್ಳೆ ಅಂದ್ರೆ, ಹಾವು ನುಗ್ಗಾಕೂ ಹೆದರ್ಕಂತೈತೆ." ನಾನು ಕುಡಿಯುತ್ತಿದ್ದ ಮಜ್ಜಿಗೆ ಅಲ್ಲೇ ಬಿಟ್ಟು ಈ ಕಾಗದಕ್ಕೆ ಕೂತೆ. ಹಿರಿಯೂರಿನ ವಾಚನಾಲಯದಿಂದ ತಂದ ಕರಪತ್ರಗಳನ್ನು ನಿನಗೆ ಓದಿ ಹೇಳಿರಲಿಲ್ಲವೇ? ಅದು ಪರದೇಶದ ಗಿಡ, ಕಡಿದಷ್ಟೂ ಚಿಗುರುತ್ತದೆ, ಎಲ್ಲಿ ಬೇರಿಳಿಸುತ್ತದೋ ಅಲ್ಲಿ ನಮ್ಮ ಹುಲ್ಲಿಗೂ ನಮ್ಮ ಮರಗಳ ಸಸಿಗಳಿಗೂ ಜಾಗ ಬಿಡುವುದಿಲ್ಲ ಎಂದು ನಾನು ಓದುವಾಗ ನೀನು ತಲೆಯಾಡಿಸುತ್ತಿದ್ದೆ. ಈಗ ಯೋಚಿಸಿದರೆ ತೂಕಡಿಸುತ್ತಿದ್ದೆ ಅನಿಸುತ್ತದೆ.

ಹಟ್ಟಿಯ ಪಡುವಣ ಗುಡ್ಡದ ಓರೆಯ ಬನ ನೆನಪಿದೆಯಾ? ತಿಂಗಳು ತಿಂಗಳು ಹೊರಗಾದಾಗ ನಮ್ಮನ್ನೆಲ್ಲ ಮೂರು ದಿನ ಅಟ್ಟುತ್ತಿದ್ದ ಜಾಗ. ಆ ಪದ್ಧತಿಯ ಮೇಲೆ ನನ್ನ ಜಗಳ ಬೇರೆ ಇದೆ, ಅದನ್ನು ನಾನು ಬಿಡುವವಳಲ್ಲ. ಆದರೆ ನೆರಳು ನೆರಳೇ. ಕಮರದ ಮರಗಳ ಕೆಳಗೆ ಅಂಗಾತ ಮಲಗಿದರೆ ಎಲೆಗಳು ಎರಡೆರಡಾಗಿ, ಆಡಿನ ಗೊರಸಿನ ಗುರುತಿನ ಹಾಗೆ ಕಾಣುತ್ತಿದ್ದವು. ಯಾವುದೋ ಮಂದೆ ಆಕಾಶದ ಮೇಲೆ ನಡೆದು ಹೋಗಿದೆ ಎಂದು ನೀನೇ ಹೇಳುತ್ತಿದ್ದೆ. ಈಗ ಆ ಮರಗಳು ಐದಾರು ಉಳಿದಿವೆ. ಕಾರೆ, ಕವಳೆ ಹಣ್ಣಿನ ಗಿಡಗಳು ಹೋಗಿಯೇ ಬಿಟ್ಟಿವೆ. ಉಳಿದಿದ್ದೆಲ್ಲ ಜಾಲಿ. ಹೊರಗಾದವರು ಮುಳ್ಳು ಸರಿಸಿ, ಮೊಣಕಾಲು ಮಡಿಚಿ ಕೂರುತ್ತಾರೆ.

ಆ ಜಾಲಿಯನ್ನೆಲ್ಲ ಕಿತ್ತು ಮತ್ತೆ ಕಮರ ಎಬ್ಬಿಸುತ್ತೇನೆ ಎಂದು ಹಟ್ಟಿ ಯಜಮಾನ ಮುದ್ದಪ್ಪಜ್ಜನ ಹತ್ತಿರ ಹೋದೆ. ಅವನು ನಕ್ಕ. "ಹೆಂಗಸ್ರು ಕೂರೋ ಜಾಗ, ನಮಗ್ಯಾತಕ್ಕವ್ವ. ಮಾರ್ನಮಿ ಗಂಟ ಆಡ್ಕೋ ಹೋಗು. ಆಮೇಲೂ ಅಲ್ಲಿ ಜಾಲಿ ಕಂಡ್ರೆ ಇದ್ಲಿನೋನಿಗೆ ಕೊಟ್ಟು ದೇವ್ರ ಮನೆಗೆ ಸೂರು ಹಾಕಿಸ್ತೀನಿ." ಇದ್ದಿಲು ಸುಡುವವನು ಕೊಡಲಿ ತಂದರೆ ಇದು ಜಾಲಿ, ಇದು ಕಮರ ಎಂದು ನೋಡುತ್ತಾನೆಯೇ? ಉಳಿದ ಐದಾರೂ ಹೋಗುತ್ತವೆ.

ಆದ್ದರಿಂದ ನನಗೆ ಮಾರ್ನಮಿವರೆಗೆ ಸಮಯವಿದೆ. ನೀನು ಮಾತ್ರ ಅಲ್ಲಿ ಬೇಲಿ ಬೆಳೆಸುತ್ತಾ ಕೂತಿದ್ದೀಯ. ನನಗೆ ನಿನ್ನ ಮೇಲೆ ಸಿಟ್ಟಿದೆ. ಕ್ಷೇಮ.

ಪಾಲಮ್ಮ


ಶ್ರೀರಾಂಪುರ
೩೦ ಜನವರಿ ೧೯೭೭

ಲೇ ಪಾಲಿ,

ಪೋಸ್ಟಿನ ಚಿಕ್ಕತಿಮ್ಮಪ್ಪ ನಿನ್ನ ಕಾಗದ ಹಿಡ್ಕಂಡು "ತೌರಿನ ಕಡೆಯಿಂದ ಬಂದೈತೆ ಕಣಮ್ಮ, ಯಾರಾದ್ರೂ ಹೋಗ್ಬಿಟ್ರೇನೋ" ಅಂತ ಅಳೋ ಮುಖ ಮಾಡ್ಕಂಡು ಕೊಟ್ಟ. ನಿಂತಂಗೇ ಒಡೆದು ಓದಿದ್ರೆ ಬರೀ ಬೈಗುಳ. ನನಗೆ ಎಷ್ಟು ನೆಮ್ಮದಿ ಆಯ್ತು ಅಂದ್ರೆ ಅಲ್ಲೇ ಕೂತು ನಕ್ಕೆ. ಆಮೇಲೆ ಸಿಟ್ಟು ಬಂತು.

ಪಕ್ಕದ ಹಳ್ಳಿ ದನ ಎರಡು ವರ್ಷ ನಮ್ಮ ರಾಗಿ ಮೇಯ್ದವೆ. ನಮ್ಮೆಜಮಾನ್ರು ಮಂದೆ ಹೊಡ್ಕಂಡು ಮಾರಿಕಣಿವೆ ಹಿನ್ನೀರಿನ ಕಡೆ ಹೋದ್ರೆ ಬರೋದು ಮುಂಗಾರಿಗೆ. ಅಲ್ಲಿ ಗಂಟ ಕೋಲು ಹಿಡ್ಕಂಡು ಹೊಲ ಕಾಯೋರು ಯಾರು? ನಿನ್ನ ಕರಪತ್ರನಾ? ಆ ಹಾಳೆಗಳನ್ನೆಲ್ಲ ಒಟ್ಟು ಹಾಕಿ ಒಲೆಗೆ ಇಟ್ರೆ ಒಂದು ಚೊಂಬು ನೀರು ಕಾಯಲ್ಲ. ಇನ್ನೊಂದು ವರ್ಷಕ್ಕೆ ಸೌದೆಗೆ ಗುಡ್ಡ ಹತ್ತೋದು ತಪ್ತೈತೆ ಅಂತ ನಮ್ಮತ್ತೆ ದಿನಾ ಆ ಬೇಲಿಗೆ ಕೈ ಮುಗೀತಾಳೆ. ನೀನು ಬಂದು ಅವಳಿಗೆ ಭಾಷಣ ಮಾಡು, ನೋಡಾಣ. ಬದುಕಿ ವಾಪಸ್ ಬಂದ್ರೆ ನಾನೇ ಕುಡುಗೋಲು ಹಿಡೀತೀನಿ.

ಆದ್ರೆ ಒಂದು ಮಾತು. ಇಲ್ಲಿ ನಮಗೆ ಹೊರಗಿನ ಜಾಗ ಅಂದ್ರೆ ಬರೀ ಬಂಡೆ. ಹೋದ ಸಲ ಕೂತಿದ್ದಾಗ ಮಧ್ಯಾಹ್ನದ ಬಿಸಿಲಿಗೆ ಬಂಡೆ ಹಬೆಯಾಡ್ತಿತ್ತು. ಕಣ್ಣು ಮುಚ್ಚಿದೆ. ನಿಜ ಹೇಳ್ತೀನಿ ಪಾಲಿ, ನಮ್ಮ ಬನದ ಗಾಳಿ ಕೇಳ್ತು. ಕಮರದ ಒಣಗಿದ ಕಾಯಿ ರೆಕ್ಕೆ ಥರ ಸುತ್ತುತಾ ಸುತ್ತುತಾ ನನ್ನ ಮಡಿಲಿಗೆ ಬಿದ್ದಂಗಾಯ್ತು. ಕಣ್ಣು ಬಿಟ್ರೆ ಒಂದು ಹಲ್ಲಿ.

ನೀನು ಆ ಜಾಗ ಕೇಳಿದ್ದು ಒಳ್ಳೇದಾಯ್ತು. ಬೇಲಿ ಮಾತು ಬಿಟ್ಟು ಬೇರೆ ಏನಾದ್ರೂ ಬೇಕಾದ್ರೆ ಕೇಳು.

ಕಾಟಿ


ಗೊಲ್ಲರಹಟ್ಟಿ
೩ ಮಾರ್ಚ್ ೧೯೭೭

ಕಾಟಿ,

ಬೇಲಿಯ ಮಾತು ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದೇನೆ.

ಕೆಲಸ ಶುರುವಾಗಿದೆ. ಮೊದಲ ವಾರ ಕೊಡಲಿಯಲ್ಲಿ ಕಡಿದು ಗೆದ್ದೆವೆಂದು ಹಾಡು ಹೇಳಿದೆವು. ಹದಿನೈದು ದಿನಕ್ಕೆ ಪ್ರತಿ ಬುಡದಿಂದಲೂ ಗೊಂಚಲು ಗೊಂಚಲು ಚಿಗುರು. ಈಗ ಹಾರೆ ಹಾಕಿ ಬೇರು ಸಮೇತ ಎಬ್ಬಿಸುತ್ತಿದ್ದೇವೆ. ಯಾರು ಹೊರಗಾಗಿ ಬಂದರೂ ಅವರ ಕೈಗೆ ಒಂದು ಗುದ್ದಲಿ ಕೊಡುತ್ತೇನೆ. "ಈ ಮೂರು ದಿನ ಮೈಗೆ ಬಿಡುವು ಸಿಗ್ತಿತ್ತು, ಅದಕ್ಕೂ ಕಲ್ಲು ಹಾಕಿದೆಯಲ್ಲೇ" ಎಂದು ಓಬಕ್ಕ ಬೈಯುತ್ತಲೇ ಅಗೆಯುತ್ತಾಳೆ. ಸುಸ್ತಾದವರನ್ನು ಮಲಗಲು ಬಿಡುತ್ತೇನೆ. ನೀನು ಅಂದುಕೊಂಡಷ್ಟು ಕಟುಕಿಯಲ್ಲ ನಾನು.

ನಡು ಮಧ್ಯಾಹ್ನ ಎಲ್ಲ ನಿಂತುಬಿಡುತ್ತದೆ. ಗುದ್ದಲಿ, ಗಾಳಿ, ಹಕ್ಕಿ, ಎಲ್ಲ. ತೆರವಾದ ನೆಲ ಬೋಳು ತಲೆಯ ಹಾಗೆ ಬಿಸಿಲಿಗೆ ಮಿನುಗುತ್ತದೆ. ಆಗ ನನಗೆ ಅಲ್ಲಿ ಇನ್ನೂ ಹುಟ್ಟದ ಮರಗಳ ನೆರಳು ಕಾಣಿಸುತ್ತದೆ. ಎದ್ದು ಅದರೊಳಗೆ ಹೋಗಿ ಕೂರಬೇಕೆನಿಸುತ್ತದೆ. ಒಂದು ಸಲ ಹೋಗಿ ಕೂತೂ ಬಿಟ್ಟೆ, ತಲೆ ಸುಟ್ಟಿತು.

ನಿನಗೊಂದು ಸುದ್ದಿ. ನಮ್ಮ ಯಲ್ಲಕ್ಕ ಬಸುರಿ. ಸೆಪ್ಟೆಂಬರ್ ಹೊತ್ತಿಗೆ ಹೆರಿಗೆ. ಹೆತ್ತ ಮೇಲೆ ಕೂಸನ್ನು ಕಟ್ಟಿಕೊಂಡು ಅವಳು ಇದೇ ಓರೆಯ ಗುಡಿಸಲಿಗೆ ಬರಬೇಕು. ಆ ಪದ್ಧತಿಯನ್ನು ಅಷ್ಟರೊಳಗೆ ಮುರಿಯಲು ನನ್ನಿಂದಾಗದು, ಎಷ್ಟು ಕೂಗಾಡಿದರೂ ಆಗದು. ಆದರೆ ನನ್ನಕ್ಕನ ಕೂಸು ಜಾಲಿ ಮುಳ್ಳಿನ ನಡುವೆ, ಇಲ್ಲವೇ ಇದ್ದಿಲು ಗೂಡಿನ ಹೊಗೆಯಲ್ಲಿ ಮಲಗಬಾರದು. ಅಷ್ಟನ್ನಾದರೂ ಮಾಡಿಯೇ ತೀರುತ್ತೇನೆ.

ಈ ನೆಲದಲ್ಲಿ ಸತ್ವವಿಲ್ಲ. "ಕುರಿ ಗೊಬ್ಬರಕ್ಕೆ ಸಮ ಯಾವುದೂ ಇಲ್ಲ" ಎಂದು ಕರಪತ್ರದಲ್ಲಿದೆ. ಅದನ್ನು ನಮಗೆ ಹಾಳೆಯಲ್ಲಿ ಅಚ್ಚು ಹಾಕಿ ಹೇಳಬೇಕೇ, ನಾವು ಗೊಲ್ಲರ ಹುಡುಗಿಯರು! ನಾಲ್ಕು ರಾತ್ರಿ ಒಂದು ಮಂದೆ ಇಲ್ಲಿ ತರುಬಿ ಮಲಗಿಸಿದರೆ, ಹಿಕ್ಕೆ ಗಂಜಲ ನೆಲಕ್ಕಿಳಿದು ಕಮರದ ಬೀಜ ಚಿಮ್ಮಿ ಬರುತ್ತದೆ. ಆದರೆ ನಮ್ಮ ಗಂಡಸರು ಮೈಲಿಗೆ ಜಾಗಕ್ಕೆ ಮಂದೆ ತರುವುದಿಲ್ಲ. ಕೇಳಿ ನೋಡಿದೆ. ಕಿವಿ ಮುಚ್ಚಿಕೊಂಡರು.

ಪಾಲಿ


ಶ್ರೀರಾಂಪುರ
೧ ಏಪ್ರಿಲ್ ೧೯೭೭

ಪಾಲಿ,

ನಿನಗೆ ಮಂದೆ ತಾನೆ ಬೇಕು? ನಮ್ಮದೇ ಬರ್ತೈತೆ. ಹಿನ್ನೀರಿಗೆ ಹಿಟ್ಟು ಉಪ್ಪು ತಗಂಡು ಹೋದ ನಮ್ಮ ಹಟ್ಟಿ ಪಾಲಣ್ಣನ ಕೈಲಿ ನಮ್ಮೆಜಮಾನ್ರಿಗೆ ಹೇಳಿ ಕಳಿಸಿದ್ದೆ, ಒಪ್ಪಿದಾರೆ. ಮುಂಗಾರು ಹಿಡಿಯೋ ಮೊದಲು ಆದಿವಾಲದ ಮೇಲೆ ಹಾಯ್ದು ನಿಮ್ಮ ಕಡೆ ಬಂದು, ನಾಲ್ಕು ರಾತ್ರಿ ತರುಬಿ, ಆಮೇಲೆ ಊರಿಗೆ ಬರ್ತಾರೆ. ಭಾರೀ ಸುತ್ತು. ಅದು ನನ್ನ ಲೆಕ್ಕ, ನೀನು ಏನೂ ಕೊಡಬೇಡ. ಈ ಸಲ ಹಿನ್ನೀರಿನ ದಡದಲ್ಲಿ ಹುಲ್ಲಿಲ್ಲದಿದ್ರೂ ಕುರಿ ಕಾಯಿ ತಿಂದು ದುಂಡಗಾಗವೆಯಂತೆ. ನಿನಗೆ ಒಳ್ಳೇ ಗೊಬ್ಬರ.

ಜಾಗದ ವಿಷಯ ಎಲ್ಲಾ ಹೇಳಿದೀನಿ. ಅವರೇನೂ ಅನ್ನಲಿಲ್ಲ. ನೀನು ಯೋಚನೆ ಮಾಡಬೇಡ.

ಇದು ಬೇಲಿಗೆ ತಪ್ಪು ಕಾಣಿಕೆ ಅಂದ್ಕೋಬೇಡ. ಯಲ್ಲಕ್ಕನ ಕೂಸಿಗೆ ಅಂದ್ಕೋ.

ಕಾಟಿ


ಗೊಲ್ಲರಹಟ್ಟಿ
೨೨ ಮೇ ೧೯೭೭

ನನ್ನ ಕಾಟಿಗೆ,

ಎಲ್ಲಿಂದ ಶುರು ಮಾಡಲಿ? ನಿಮ್ಮ ಮಂದೆ ಬಂತು, ನಾಲ್ಕು ರಾತ್ರಿ ಮಲಗಿತು, ನಿನ್ನೆ ಹೊರಟು ಹೋಯಿತು. ಆ ದಿನಗಳಲ್ಲಿ ಯಾರೂ ಹೊರಗಾಗಿರಲಿಲ್ಲ, ನಮ್ಮ ಗಂಡಸರಂತೂ ಆ ಕಡೆ ತಲೆ ಹಾಕಲಿಲ್ಲ. ಬನದಲ್ಲಿ ಇನ್ನೂ ಆ ವಾಸನೆ ಇದೆ. ನಾನು ಕೈ ತೊಳೆಯದೆ ಬರೆಯುತ್ತಿದ್ದೇನೆ.

ಹೊತ್ತು ಹುಟ್ಟುವಾಗ ಹೋಗಿ ನೋಡುತ್ತಿದ್ದೆ. ಓರೆ ತುಂಬ ಕರಿ ಬೆನ್ನುಗಳು, ಮೇಲೆ ತೆಳ್ಳಗೆ ಉಸಿರಿನ ಹಬೆ. ಯಾವುದೋ ಒಂದು ಮರಿ ನಿದ್ದೆಯಲ್ಲೇ ಕೂಗುತ್ತದೆ, ಅದರ ತಾಯಿ ನಿದ್ದೆಯಲ್ಲೇ ಉತ್ತರಿಸುತ್ತದೆ. ಬಿಸಿಲು ಮುಟ್ಟಿದ ಕಡೆಯಿಂದ ಒಂದೊಂದೇ ಏಳುತ್ತವೆ. ಗುಡ್ಡವೇ ಮೈ ಮುರಿದು ಏಳುತ್ತಿದೆ ಅನ್ನಿಸುತ್ತದೆ. ಅವು ಎದ್ದ ಜಾಗಕ್ಕೆ ಅಂಗೈ ಇಟ್ಟು ನೋಡಿದೆ, ನೆಲ ಬೆಚ್ಚಗಿತ್ತು. ಆ ಬಿಸಿ ಆರುವುದರೊಳಗೆ ಕಮರದ ಬೀಜ ಒತ್ತಿದೆವು. ಬಾವಿ ಕಡೆಗೆ ಹೊರಟಿದ್ದ ಹೆಂಗಸರೂ ಕೊಡ ಕೆಳಗಿಟ್ಟು ಬಂದು ಒತ್ತಿದರು. ಕಾಟಿ, ಯಾವ ಕರಪತ್ರದಲ್ಲೂ ಇಷ್ಟು ಸಂತೋಷವಿರಲಿಲ್ಲ.

ನಿನ್ನ ಗಂಡ ಯತ್ತಪ್ಪ ಭಾವನಿಗೆ ರೊಟ್ಟಿ ಕೊಟ್ಟಾಗ ನನಗೆ ತಡೆಯಲಾಗಲಿಲ್ಲ. "ಭಾವ, ಹೆಂಗಸರು ಹೊರಗೆ ಕೂರೋ ಜಾಗಕ್ಕೆ ಮಂದೆ ತಂದ ಮೊದಲನೇ ಗಂಡಸು ನೀನು, ನಿನ್ನಂಥೋರು ಊರಿಗೊಬ್ಬರಿದ್ದರೆ ಸಾಕು" ಎಂದೆ. ಅವನು ಬಾಯಲ್ಲಿದ್ದ ತುತ್ತು ಹಾಗೇ ಇಟ್ಟುಕೊಂಡು ನನ್ನನ್ನೇ ನೋಡಿದ. ಆಮೇಲೆ ಉಳಿದ ರೊಟ್ಟಿ ಅಲ್ಲೇ ಬಿಟ್ಟು, ಕಂಬಳಿ ಕೊಡವಿ, ಮಂದೆ ಎಬ್ಬಿಸಿಕೊಂಡು ಹೋಗಿಬಿಟ್ಟ. ಹೊಗಳಿದರೆ ಇಷ್ಟು ನಾಚುವ ಗಂಡಸನ್ನು ನಾನು ನೋಡಿಲ್ಲ. ನೀನು ಪುಣ್ಯವಂತೆ.

ಬೇಗ ಬರೆ.

ನಿನ್ನ ಪಾಲಿ


ಗೊಲ್ಲರಹಟ್ಟಿ
೨೬ ಜೂನ್ ೧೯೭೭

ಕಾಟಿ,

ನಿನ್ನ ಕಾಗದವಿಲ್ಲ. ಹುಷಾರಿದ್ದೀಯಾ? ಇಲ್ಲಿ ಎರಡು ಒಳ್ಳೆಯ ಮಳೆಯಾಯಿತು. ಬನ ಹಸಿರಾಗಿದೆ. ಬಹಳ ಹಸಿರಾಗಿದೆ. ಯಲ್ಲಕ್ಕ ಚೆನ್ನಾಗಿದ್ದಾಳೆ. ಬೇರೇನೂ ವಿಶೇಷವಿಲ್ಲ.

ಪಾಲಮ್ಮ


ಶ್ರೀರಾಂಪುರ
೨೪ ಜುಲೈ ೧೯೭೭

ಪಾಲಮ್ಮಾ,

ಎರಡು ತಿಂಗಳು ಯಾಕೆ ಬರೀಲಿಲ್ಲ ಅಂತ ಕೇಳ್ತೀಯಲ್ಲ, ಕೇಳು.

ನಾನು ನಮ್ಮೆಜಮಾನ್ರಿಗೆ ಅದು ಬೀಳು ಜಮೀನು ಅಂತಷ್ಟೇ ಹೇಳಿ ಕಳಿಸಿದ್ದೆ. ಹೊರಗಿನ ಜಾಗ ಅಂದಿದ್ರೆ ಬರ್ತಿರಲಿಲ್ಲ. ನಿನಗೆ ಹೇಳಿದ್ರೆ ನೀನು ಸುಳ್ಳಿನ ಮಂದೆ ಬೇಡ ಅಂತ ಹಟ ಹಿಡೀತಿದ್ದೆ. ಅದಕ್ಕೆ ಇಬ್ಬರಿಗೂ ಒಂದೊಂದು ಹೇಳಿದೆ. ನೀನು ಅವರ ಮುಖದ ಮುಂದೆ ನಿಂತು ಎಲ್ಲಾ ಬಿಚ್ಚಿಟ್ಟೆ.

ಮನೆಗೆ ಬಂದವರು ನನ್ನ ಕೈಯಿಂದ ನೀರು ತಗಳ್ಳಲಿಲ್ಲ. ನಮ್ಮತ್ತೆ ಮಂದೇನೆಲ್ಲ ಹಟ್ಟಿಯಾಚೆ ನಿಲ್ಲಿಸಿ, ಒಂದೊಂದು ಕುರಿಗೂ ಗಂಜಲ ಚಿಮುಕಿಸಿ ಒಳಗೆ ಬಿಟ್ಕಂಡ್ಳು. ಹಟ್ಟಿ ಹಟ್ಟಿಯೇ ನಿಂತು ನೋಡ್ತು. ಆಮೇಲೆ ಒಂದೇ ವಾರದಲ್ಲಿ ಎರಡು ಮರಿ ಸತ್ತವು. ಮಳೆ ಚಳಿಗೆ ಸತ್ತವು ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಆದ್ರೂ ಇಬ್ರೂ ನನ್ನ ಕಡೆ ನೋಡಿದ್ರು.

ನೀನು ಬೇಕಂತಲೇ ಹೇಳಿದೆಯಾ? ನನ್ನ ಬೇಲಿಗೆ ಸೇಡು ತೀರಿಸ್ಕಂಡೆಯಾ? ನೀನು ಅಂಥೋಳಲ್ಲ ಅಂತ ಹಗಲು ಅನ್ಸುತ್ತೆ, ಸಂಜೆ ಆದ್ರೆ ಅನ್ಸಲ್ಲ. ನಿನಗೆ ನಿನ್ನ ಬನದ ಮುಂದೆ ಯಾರ ಮನೆ ಏನಾದ್ರೂ ಕಾಣಲ್ಲ.

ಹೋಗ್ಲಿ, ನಿನ್ನ ಬನ ಹಸಿರಾಗೈತಲ್ಲ, ಅಷ್ಟಾದ್ರೂ ಆಯ್ತು. ಇನ್ನು ಬರೀಬೇಡ.

ಕಾಟಮ್ಮ


ಗೊಲ್ಲರಹಟ್ಟಿ
೧೪ ಆಗಸ್ಟ್ ೧೯೭೭

ಕಾಟಿ,

ಬರೀಬೇಡ ಅಂದಿದ್ದೀಯ. ಇದೊಂದು ಬರೀತೀನಿ, ಬೇಡ ಅಂದ್ರೆ ಒಲೆಗೆ ಹಾಕು.

ನನಗೆ ಗೊತ್ತಿರಲಿಲ್ಲ. ಎಲ್ಲಾ ಹೇಳಿದೀನಿ ಅಂತ ನೀನು ಬರೆದಿದ್ದನ್ನ ನಾನು ನಂಬಿದೆ. ಭಾವ ಎದ್ದು ಹೋಗಿದ್ದನ್ನ ನಾಚಿಕೆ ಅಂದುಕೊಂಡೆ. ಎಷ್ಟು ದೊಡ್ಡ ದಡ್ಡಿ ನಾನು, ನೋಡು. ಮುಖ ಓದೋದು ನನಗೆ ಬರಲ್ಲ, ಅಚ್ಚಾಗಿದ್ದು ಮಾತ್ರ ಬರುತ್ತೆ. ಆ ದಿನದಿಂದ ನಿನ್ನ ಮನೇಲಿ ನಡೆದಿದ್ದಕ್ಕೆಲ್ಲ ನನ್ನ ಬಾಯಿ ಕಾರಣ.

ಇನ್ನು ಹಸಿರಿನ ಮಾತು. ಅದು ಜಾಲಿ, ಕಾಟಿ.

ಹಿನ್ನೀರಿನ ದಡದಲ್ಲಿ ಕುರಿ ತಿಂದಿದ್ದು ಜಾಲಿ ಕಾಯಿ. ಬೀಜ ಅರಗದೆ ಹಿಕ್ಕೆಯಲ್ಲಿ ಬಂತು, ಮಳೆ ಬಿದ್ದ ಕೂಡಲೆ ಎದ್ದಿತು. ಕುರಿ ರೊಪ್ಪ ಗುಡಿಸಿ ಬೆಳೆದ ಕೈ ನಮ್ಮದು. ಗೊಬ್ಬರದ ಗುಂಡೀಲಿ ಇಂಥ ಮೊಳಕೆ ಎಷ್ಟು ನೋಡಿಲ್ಲ! ಆದ್ರೂ ನನಗೂ ಹೊಳೀಲಿಲ್ಲ, ನಿನಗೂ ಹೊಳೀಲಿಲ್ಲ. ಮಂದೆ ಅಂದ ಕೂಡಲೆ ನಮಗೆ ಒಳ್ಳೇದು ಬಿಟ್ಟು ಬೇರೇನೂ ಕಾಣಲ್ಲ.

ದಿಬ್ಬದ ಮೇಲೆ ನಿಂತು ನೋಡಿದರೆ ಮಂದೆ ಇನ್ನೂ ಅಲ್ಲೇ ಮಲಗಿದಂಗಿದೆ. ಕುರಿ ಒತ್ತಾಗಿ ಮಲಗಿದ ಕಡೆ ಒತ್ತಾಗಿ, ಅಂಚಿನಲ್ಲಿ ಚೆದುರಿದ ಕಡೆ ಚೆದುರಿ, ಹಂಗೇ ಅಚ್ಚೊತ್ತಿದಂಗೆ ಹಸಿರು. ಗಾಳಿ ಬಂದಾಗ ಆ ಹಸಿರು ಬೆನ್ನುಗಳು ಉಸಿರಾಡ್ತವೆ. ಇಷ್ಟು ಚಂದದ ಕೇಡನ್ನ ನಾನು ಕಂಡಿಲ್ಲ. ಮೊದಲನೇ ದಿನ ಅದರ ಮುಂದೆ ಕೂತು ಅತ್ತೆ. ನೀನು ಪ್ರೀತಿಯಿಂದ ಕಳಿಸಿದ ಮಂದೆ, ಅದಕ್ಕೆ ನಿನಗೆ ಬರೆಯೋಕೆ ಮನಸ್ಸು ಬರಲಿಲ್ಲ. ಹಸಿರಾಗಿದೆ ಅಂದೆ. ಅದೂ ಸುಳ್ಳೇ.

ಕಮರವೂ ಹುಟ್ಟಿದೆ. ಜಾಲಿ ನಡುವೆ ಬೆರಳುದ್ದ, ಎರಡೆರಡು ಎಲೆ. ಮುದ್ದಪ್ಪಜ್ಜ ಬಂದು ಸೊಂಟದ ಮೇಲೆ ಕೈ ಇಟ್ಟು ನೋಡಿ, "ನಿನ್ನ ಕಮರಕ್ಕೆ ಮುಳ್ಳು ಬಂದವಲ್ಲವ್ವ" ಅಂದ. ಆಮೇಲೆ ಪಾಪ, "ನೇಗಿಲು ಹೊಡೆಸಿ ಎಲ್ಲಾ ಅಡಿಮೇಲು ಮಾಡ್ಬಿಡು, ಎತ್ತು ನಾನು ಕೊಡ್ತೀನಿ" ಅಂತಲೂ ಅಂದ. ನೇಗಿಲು ಹೊಡೆದರೆ ಕಮರವೂ ಹೋಗುತ್ತೆ. ಒಂದೊಂದೇ ಕೈಯಲ್ಲಿ ಕೀಳಬೇಕು, ಎಲೆ ನೋಡಿ ಕೀಳಬೇಕು. ಓಬಕ್ಕ, ನಾನು, ಇನ್ನಿಬ್ಬರು ಬೆಳಗಾದ್ರೆ ಕೀಳ್ತೀವಿ. ಒಂದು ಮೂಲೆಯೂ ಮುಗಿದಿಲ್ಲ. ಉಳಿದವರು ಕಳೆ ಕೀಳೋಕೆ ಹೊಲಕ್ಕೆ ಹೋಗ್ತಾರೆ, ಅವರನ್ನ ಬೈಯೋಕೂ ಬಾಯಿಲ್ಲ.

ಯಲ್ಲಕ್ಕನಿಗೆ ತಿಂಗಳು ತುಂಬ್ತಾ ಇದೆ. ಮಾರ್ನಮಿಯೂ ಹತ್ತಿರ ಬಂತು.

ನಿನ್ನನ್ನ ಏನೂ ಕೇಳೋಕೆ ಬರೀತಿಲ್ಲ. ಭಾವನಿಗೆ ಹೇಳು, ಅವನು ಅಷ್ಟು ಸುತ್ತಿ ಬಂದು ನಾಲ್ಕು ರಾತ್ರಿ ಮಂದೆ ತರುಬಿದ್ದಕ್ಕೆ ನಾನು ಇವತ್ತಿಗೂ ಋಣಿ. ಇದು ಹೊಗಳಿಕೆ ಅಲ್ಲ.

ಪಾಲಿ


ಶ್ರೀರಾಂಪುರ
೨೮ ಆಗಸ್ಟ್ ೧೯೭೭

ಲೇ ಪಾಲಿ,

ನಿನ್ನ ಕಾಗದ ಒಲೆ ಮುಂದೆ ತಗಂಡು ಹೋದೆ. ಹಾಕಲಿಲ್ಲ. ಅವರು ಉಣ್ಣೋಕೆ ಕೂತಿದ್ರು. ಮೂರು ತಿಂಗಳಿಂದ ಆ ಹೊತ್ತಿನಲ್ಲಿ ಈ ಮನೇಲಿ ತಟ್ಟೆ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ನಾನು ಗಟ್ಟಿಯಾಗಿ ಓದೋಕೆ ಶುರು ಮಾಡಿದೆ. ನಾಚಿಕೆ ಅಂದ್ಕಂಡೆ ಅಂತ ನೀನು ಬರೆದಿದ್ದಕ್ಕೆ ಅವರ ಮುದ್ದೆ ಕೈಯಲ್ಲೇ ನಿಂತ್ಕಂತು. ಮಂದೆ ಅಚ್ಚೊತ್ತಿದಂಗೆ ಹಸಿರು ಅನ್ನೋ ಜಾಗಕ್ಕೆ ಬಂದಾಗ ತಲೆ ಎತ್ತಿದ್ರು.

"ಮಲಗಿದಂಗೇ ಬಂದೈತಾ?"

"ಹಂಗಂತ ಬರೆದವಳೆ."

"ಟಗರು ಬೇರೆ ಮಲಗ್ತಿತ್ತು, ಮೇಲಿನ ಮೂಲೇಲಿ. ಅದೂ ಗೊತ್ತಾಗ್ತೈತಂತಾ?"

ಅದನ್ನೆಲ್ಲಾ ಬರೆದಿಲ್ಲ ಅಂದೆ. ಕೈಯಲ್ಲಿದ್ದ ಮುದ್ದೆ ಸಾರಿಗೆ ಅದ್ದಿ, "ನನಗೂ ಸುಳ್ಳು ಹೇಳ್ದೆ, ಅವಳಿಗೂ ಸುಳ್ಳು ಹೇಳ್ದೆ, ನೀನೊಬ್ಳೇ ನಿಜ ಗೊತ್ತಿದ್ದೋಳು, ಆದ್ರೂ ಜಾಲಿ ಹೊಳೀಲಿಲ್ವಲ್ಲೇ" ಅಂದ್ರು. ಬೈದಿದ್ದೇ. ಆದ್ರೆ ಮಾತಾಡಿದ್ರಲ್ಲ ಪಾಲಿ. ನಾನು ಇನ್ನೊಂದು ಮುದ್ದೆ ಹಾಕಿದೆ. ಬೇಡ ಅನ್ನಲಿಲ್ಲ.

ಬಾಗಿಲ ಹಿಂದೆ ನಮ್ಮತ್ತೆ ಎಲ್ಲಾ ಕೇಳಿಸ್ಕಂಡಿದ್ಳು. ಮಾರನೇ ದಿನ ಬಿಸಿಲಿಗೆ ಕೂತು, ನನ್ನ ಕಡೆ ನೋಡದೆ, "ಆರು ಮಕ್ಕಳನ್ನ ಬಂಡೆ ಮೇಲೆ ಮಲಗಿಸ್ಕಂಡು ಕೂತೋಳು ನಾನು. ಸೆರಗೇ ನೆರಳು. ಆ ಹುಡುಗಿ ಅಕ್ಕನಿಗೆ ಯಾವಾಗ ದಿನ?" ಅಂತ ಕೇಳಿದ್ಳು. ಹೇಳಿದೆ. "ಹಂಗಾದ್ರೆ ಕೂತು ಏನು ಮಾಡ್ತೀಯ, ಹೋಗಾಣ ನಡಿ" ಅಂದ್ಳು. ಮಂದೆ ಶುದ್ಧ ಮಾಡಿದ್ದು ತಪ್ಪು ಅಂತ ಅವಳು ಒಪ್ಪಿಲ್ಲ, ಒಪ್ಪೋದೂ ಇಲ್ಲ. ವಾಪಸ್ ಬಂದ ಮೇಲೆ ತನಗೂ ನನಗೂ ಗಂಜಲ ಚಿಮುಕಿಸ್ತಾಳಂತೆ, ಈಗಲೇ ಹೇಳಿಟ್ಟವಳೆ.

ನಮ್ಮ ಹಟ್ಟಿಯ ಇನ್ನೂ ಐದು ಹೆಂಗಸರು ಹೊರಟವ್ರೆ. ಜಾತ್ರೆಗೆ ಹೋಗೋರಂಗೆ ಬುತ್ತಿ ಮಾತಾಡ್ತಾವ್ರೆ. ಕಮರದ ಎಲೆ ಹೆಂಗಿರುತ್ತೆ ಅಂತ ನೆಲದ ಮೇಲೆ ಬರೆದು ತೋರಿಸಿದೀನಿ. ನಮ್ಮೆಜಮಾನ್ರು ಮಾತ್ರ ಬರಲ್ಲ. ಟಗರಿನ ಮೂಲೆ ಯಾವುದು ಅಂತ ನಾನು ನೋಡ್ಕಂಡು ಬಂದು ಹೇಳಬೇಕಂತೆ.

ನಿನ್ನೆ ಇಲ್ಲೂ ಒಳ್ಳೇ ಮಳೆ. ನೆಲ ಹಸಿ ಇರೋವಾಗ ಜಾಲಿ ಸಸಿ ಬೇರು ಸಮೇತ ಬರ್ತೈತೆ, ಒಣಗಿದ ಮೇಲೆ ತುಂಡಾಗ್ತೈತೆ. ಅದಕ್ಕೆ ತಡ ಮಾಡಲ್ಲ. ಮಲಗೋಕೆ ನಿನ್ನ ಹೊರಗಿನ ಗುಡ್ಲು ಸಾಕು, ಹಟ್ಟಿಯೋರನ್ನ ಕೇಳೋದು ಬೇಡ. ಹಿಟ್ಟು ನಾವೇ ತರ್ತೀವಿ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಹಿರಿಯೂರಲ್ಲಿ ಇನ್ನೊಂದು ಹತ್ತುತೀವಿ. ಸೆಪ್ಟೆಂಬರ್ ಏಳು, ಬುಧವಾರ, ಹನ್ನೊಂದು ಗಂಟೆಗೆ, ಜವನಗೊಂಡನಹಳ್ಳಿ ಬಸ್ ಸ್ಟಾಪಿನಲ್ಲಿ ನಿಂತಿರು.

ಕಾಟಿ